ಗುರಿಕಾರರೂ ಭಾನುವಾರದ ಐದು ನಿಮಿಷವೂ

ಮದ್ರಾಸಿಗೆ ಚೆನ್ನೈ ಎಂದು ಹೆಸರಾಗಿ ಒಂದೆರಡು ವರ್ಷ ಕಳೆದಿತ್ತು. ನಾವು ಮದ್ರಾಸಿನಲ್ಲೂ ಇರಲಿಲ್ಲ, ಚೆನ್ನೈಯಲ್ಲೂ ಇರಲಿಲ್ಲ, ಎಣ್ಣೂರಿನಲ್ಲಿದ್ದೆವು. ಊರಿನ ದಕ್ಷಿಣದ ಬಡಾವಣೆಗಳಲ್ಲಿದ್ದ ಕನ್ನಡದವರನ್ನು ಯಾವುದಾದರೂ ಮದುವೆಮನೆಯಲ್ಲಿ ಕಂಡು, 'ಒಂದ್ಸಲ ನಮ್ಮನೆಗೂ ಬನ್ನಿ' ಎಂದರೆ, 'ಎಣ್ಣೂರಾ? ಬಟ್ಟೆ ಬರೆ ಕಟ್ಕೊಂಡೇ ಬರ್ಬೇಕಾಗುತ್ತೆ ಬಿಡಿ' ಎನ್ನುತ್ತಿದ್ದರು. ಅವರ ಪ್ರಕಾರ ಊರು ರಾಯಪುರಂಗೆ ಮುಗಿಯುತ್ತಿತ್ತು. ತಿರುವೊಟ್ಟಿಯೂರು ಎಂದರೆ ಯಾತ್ರೆ. ಅದರಾಚೆಗಿದ್ದ ನಾವು ಉತ್ತರ ಧ್ರುವದವರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಾಲ್ಕು ಮದುವೆಯಾದ ಮೇಲೆ ಕರೆಯುವುದನ್ನೇ ಬಿಟ್ಟೆ.

ನಮ್ಮವರಿಗೆ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆಯದೇ ಕ್ವಾರ್ಟರ್ಸು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ವಿದ್ಯುತ್ ಸ್ಥಾವರದ ಚಿಮಣಿಗಳು. ಬಿಳಿ ಪಂಚೆ ಒಣಹಾಕಿದರೆ ಸಂಜೆಯ ಹೊತ್ತಿಗೆ ಅದಕ್ಕೆ ಬೂದಿ ಬಣ್ಣ ತಾನಾಗಿಯೇ ಬರುತ್ತಿತ್ತು. ಅಷ್ಟು ಮನೆಗಳಲ್ಲಿ ಕನ್ನಡದವು ಆರು. ಹಾಸನದವರು ನಾವು, ಮಂಡ್ಯದವರು ಇಬ್ಬರು, ಮೈಸೂರಿನವರು ಒಬ್ಬರು, ತುಮಕೂರಿನವರು ಇಬ್ಬರು. ಆರು ಮನೆಗೆ ಆರು ತರಹದ ಕನ್ನಡ, ಆರೂ ಮನೆಯ ಮಕ್ಕಳದು ಒಂದೇ ತಮಿಳು.

ಕ್ವಾರ್ಟರ್ಸಿನ ನಟ್ಟನಡುವೆ ಕ್ಲಬ್ಬು. ಅದರ ನೀರಿನ ಟ್ಯಾಂಕಿನ ಮೇಲೆ ಕಹಳೆಯಂಥ ಒಂದು ಸ್ಪೀಕರು. ಸಂಜೆ ಆರೂವರೆಗೆ ಕ್ಲಬ್ಬಿನ ಕಾರ್ಯದರ್ಶಿಗಳು ಮೈಕಿನ ಮುಂದೆ ರೇಡಿಯೋ ಇಟ್ಟು ತಮಿಳು ವಾರ್ತೆ ಹಾಕುತ್ತಿದ್ದರು. ಕಾರ್ಯದರ್ಶಿಗಳು ಸ್ಟೋರ್ಸ್ ವಿಭಾಗದ ತಮಿಳು ಸಜ್ಜನರು, ಇಸ್ತ್ರಿ ಮಾಡಿದ ಅಂಗಿ ಹಾಕದೆ ಮೈಕು ಮುಟ್ಟುತ್ತಿರಲಿಲ್ಲ. ರೇಡಿಯೋ ವಾರ್ತೆ ಮುಗಿದದ್ದೇ ಅವರದೇ ವಾರ್ತೆ ಶುರು: ನಾಳೆ ನೀರು ಎಷ್ಟು ಹೊತ್ತಿಗೆ, ಯಾರ ಮನೆಯ ಬೀಗದಕೈ ಸಿಕ್ಕಿದೆ, ಯಾರ ಮನೆಯಲ್ಲಿ ಮದುವೆ ನಿಶ್ಚಯವಾಗಿದೆ. ಮನೆಮನೆಗೂ ಟಿ.ವಿ. ಬಂದಿದ್ದರೂ ಆ ಹೊತ್ತಿಗೆ ಎಲ್ಲರೂ ಸದ್ದು ತಗ್ಗಿಸುತ್ತಿದ್ದರು. ನಾಳೆ ನೀರು ಬರುತ್ತದೋ ಇಲ್ಲವೋ ಎಂದು ಟಿ.ವಿ.ಯಲ್ಲಿ ಹೇಳುವುದಿಲ್ಲವಲ್ಲ. ಮೀನು ಮಾರುವ ಹೆಂಗಸರೂ ಬುಟ್ಟಿ ಇಳಿಸಿ ನಿಂತು ಕೇಳಿಸಿಕೊಂಡು ಹೋಗುತ್ತಿದ್ದರು.

ನನ್ನ ವಾರ್ತೆ ಬೇರೆಯಿತ್ತು. ಬೆಳಿಗ್ಗೆ ಕುಕ್ಕರ್ ಇಟ್ಟು, ಟ್ರಾನ್ಸಿಸ್ಟರ್ ಹಿಡಿದು ತಾರಸಿಗೆ ಓಡುತ್ತಿದ್ದೆ. ಬಟ್ಟೆ ಒಣಹಾಕುವ ತಂತಿಗೆ ರೇಡಿಯೋದ ಏರಿಯಲ್ ತಾಗಿಸಿ ಸಮುದ್ರಕ್ಕೆ ಬೆನ್ನು ಮಾಡಿ ನಿಂತರೆ ಬೆಂಗಳೂರಿನ ಕನ್ನಡ ವಾರ್ತೆ ಬರುತ್ತಿತ್ತು. ಬರುತ್ತಿತ್ತು ಎಂದರೆ, ಒಂದು ವಾಕ್ಯ ವಾರ್ತೆ, ಒಂದು ವಾಕ್ಯ ಕರೆಂಟಿನ ತಂತಿಗಳ ಗೊರಗೊರ. ಯಾರೋ ಮಂತ್ರಿಗಳು ಏನನ್ನೋ ಉದ್ಘಾಟಿಸಿದರು ಎಂದು ಮಾತ್ರ ತಿಳಿಯುತ್ತಿತ್ತು, ಯಾರು, ಏನನ್ನು ಎಂಬುದು ಗೊರಗೊರದಲ್ಲಿ ಹೋಗುತ್ತಿತ್ತು. ಆದರೂ ಆ ಧ್ವನಿ ಕೇಳಿದರೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತಿತ್ತು. ಒಂದು ದಿನ ಕೆಳಗೆ ಬಂದು ಒಂಬತ್ತು ವರ್ಷದ ಮಗಳಿಗೆ, 'ಹೇಮಾವತಿ ತುಂಬಿದ್ಯಂತೆ ಕಣೇ' ಎಂದರೆ ಅವಳು ಜಡೆ ಮುಂದೆ ಹಾಕಿಕೊಳ್ಳುತ್ತ, 'ಯಾರುಮ್ಮಾ ಅದು ಹೇಮಾವತಿ?' ಎಂದು ತಮಿಳಿನಲ್ಲಿ ಕೇಳಿದಳು. ಅವತ್ತೇ ನಾನು ನಿಶ್ಚಯಿಸಿದ್ದು, ಆ ಸ್ಪೀಕರಿನಲ್ಲಿ ವಾರಕ್ಕೊಂದು ಸಲವಾದರೂ ಕನ್ನಡ ವಾರ್ತೆ ಬರಲೇಬೇಕೆಂದು.

ಆರು ಮನೆಯವರು ಸೇರಿ ಕಾರ್ಯದರ್ಶಿಗಳ ಬಳಿ ಹೋದೆವು. ಅವರು ಬೇಡ ಎನ್ನುವ ಮನುಷ್ಯರಲ್ಲ, ಹೂಂ ಎನ್ನುವ ಮನುಷ್ಯರೂ ಅಲ್ಲ. ತಿಂಗಳುಗಟ್ಟಲೆ ಓಡಾಡಿಸಿದರು. ಕೊನೆಗೆ ದಾರಿ ತೋರಿಸಿದ್ದು ತಿರುವೊಟ್ಟಿಯೂರಿನಲ್ಲಿ ತಮ್ಮ ಮಗಳ ಮನೆಯಲ್ಲಿದ್ದ ಒಬ್ಬ ಹಿರಿಯರು. ರಾಯಪುರಂ ಬಂದರಿನ ಹತ್ತಿರ ಹಡಗಿಗೆ ಬೇಕಾದ ಹಗ್ಗ ಮಾರುವ ಅಂಗಡಿ ಇಟ್ಟು ಬೆಳೆದ ಮನೆತನ, ಕರ್ನಾಟಕ ಬಿಟ್ಟು ಮೂರು ತಲೆಮಾರು. ಹಣೆ ತುಂಬ ವಿಭೂತಿ, ಹಡಗಿಗೆ ಕೇಳುವಂಥ ಗಂಟಲು. ಕನ್ನಡದ ಕೆಲಸ ಎಂದರೆ ಎದ್ದು ಬರುತ್ತಿದ್ದರು. ಕ್ಲಬ್ಬಿನ ಹಳೆ ಮೈಕು ಕೆಟ್ಟಿತ್ತು. ಅವರು ಹೊಸದೊಂದು ಕೊಡಿಸಿದರು. ಕಾರ್ಯದರ್ಶಿಗಳ ಮನಸ್ಸು ಕರಗಿತು.

'ಅಂಜು ನಿಮಿಷಂ ದಾನ್' ಎಂದರು. ಐದೇ ನಿಮಿಷ, ಭಾನುವಾರ, ತಮಿಳು ವಾರ್ತೆಯಾದ ಮೇಲೆ. ಭಾನುವಾರದ ಮೈಕು ಮಕ್ಕಳದು, ಆದ್ದರಿಂದ ಮಗುವೇ ಓದಬೇಕು. ಮೂರು ವಾರ ನೋಡುವುದು, ಏನಾದರೂ ಗಲಾಟೆಯಾದರೆ ಅಲ್ಲಿಗೆ ಕನ್ನಡ ಬಂದ್. ಇಷ್ಟೂ ಷರತ್ತಿಗೆ ನಾನು ತಲೆಯಾಡಿಸಿದೆ. ಬರೆಯುವುದು ನಾನು, ಓದುವುದು ನನ್ನ ಮಗಳು ಎಂದಾಯಿತು.

ಆರು ಮನೆ ಸೇರಿ ಕನ್ನಡ ಬಳಗ ಎಂದು ಹೆಸರಿಟ್ಟುಕೊಂಡೆವು, ಅದರಲ್ಲಿ ಹಿರಿಯರಿಗೆ ಒಂದು ಸ್ಥಾನ ಕೊಡಬೇಕಲ್ಲ. ಅಧ್ಯಕ್ಷರಾಗಿ ಎಂದೆವು.

'ಅಧ್ಯಕ್ಷ ಗಿಧ್ಯಕ್ಷ ಎಲ್ಲ ನಂಗೆ ಬೇಡಮ್ಮಾ' ಎಂದರು. 'ನಮ್ಮ ತಾತಂಗೆ ಊರಲ್ಲಿ ಗುರಿಕಾರ ಅಂತ ಪಟ್ಟ ಇತ್ತು. ಊರು ಪೂರಾ ಅವರ ಪೇಚ್ಚು, ಅದೇ ಮಾತು, ಕೇಳ್ತಿತ್ತು. ಕರೆದ್ರೆ ಹಂಗೇ ಕರೀರಿ.'

ಗುರಿಕಾರ ಎಂದರೆ ಸಮುದಾಯದ ಮುಖಂಡ. ಆರು ಮನೆಗೆ ಒಬ್ಬ ಗುರಿಕಾರ ಎಂಬುದು ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗಿತ್ತು, ಆದರೆ ಮೈಕು ಅವರದು. ಮೊದಲ ವಾರ್ತೆಯ ದಿನಕ್ಕೆ ಬಳಗದ ಕರೆಯೋಲೆ ಬರೆದು ಅವರ ಕೈಗೆ ಕೊಟ್ಟೆ. ದೂರ ಹಿಡಿದು, ಹತ್ತಿರ ಹಿಡಿದು, ಜೇಬು ತಡಕಿ, 'ಕನ್ನಡಕ ಮರೆತು ಬಂದೆನಮ್ಮಾ, ನೀವೇ ಓದಿ' ಎಂದರು. ಅವರು ಯಾವಾಗಲೂ ಕನ್ನಡಕ ಮರೆಯುವವರೇ.

ನನ್ನ ಮಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಸ್ಲೇಟು ಹಿಡಿಸಿ ಕೂರಿಸಿದ್ದೆ, 'ಎಲ್ಲಾಮೇ ಜಾಂಗ್ರಿ ಮಾದಿರಿ ಇರುಕ್ಕು' ಎಂದು, ಎಲ್ಲ ಅಕ್ಷರವೂ ಜಾಂಗೀರಿನ ಹಾಗಿದೆ ಎಂದು ಎದ್ದು ಹೋಗಿದ್ದಳು. ಈಗ ಕಲಿಸುತ್ತ ಕೂರಲು ಸಮಯವಿಲ್ಲ. ಕನ್ನಡ ವಾರ್ತೆಯನ್ನು ತಮಿಳು ಅಕ್ಷರದಲ್ಲಿ ಬರೆದುಕೊಟ್ಟೆ. ಅದರಲ್ಲೊಂದು ತೊಡಕಿದೆ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ, ಮನೆಯ ನಾಲ್ಕು ಜನರೂ ಒಂದೇ ಚಪ್ಪಲಿ ಮೆಟ್ಟಿಕೊಂಡು ಓಡಾಡುವ ಹಾಗೆ. ಪದದ ಮೊದಲಲ್ಲಿ ಬಂದರೆ ಕ ಎನ್ನುತ್ತಾರೆ, ನಡುವೆ ಬಂದರೆ ಗ ಎನ್ನುತ್ತಾರೆ. ದ, ಬಗಳ ಪಾಡೂ ಅದೇ. ಮಾತು ಬಲ್ಲವರಿಗೆ ಕಷ್ಟವಿಲ್ಲ. ಬಾರದವರ ಬಾಯಲ್ಲಿ ಏನಾಗುತ್ತದೆ ಎಂಬುದು ಮೊದಲ ಭಾನುವಾರವೇ ತಿಳಿಯಿತು.

'ಅಣೆಕಟ್ಟಿನ ಪಾಗಿಲು ತೆರೆಯಲಾಗಿದೆ' ಎಂದಳು ಮಗಳು ಸ್ಪೀಕರಿನಲ್ಲಿ. 'ತೊಟ್ಟ ಕೆರೆ ತುಂಬಿದೆ.' ಕೊನೆಗೆ ನಮ್ಮ ಬಳಗದ ಸುದ್ದಿ: 'ತುಮಕೂರಿನವರ ಮನೆಯಲ್ಲಿ ಕಂಡು ಮಗು ಜನನ.' ಗಂಡು ಮಗು ಹೋಗಿ ಕಂಡು ಮಗುವಾಗಿತ್ತು. ಆದರೂ ಆರು ಮನೆಯ ಕಿಟಕಿಗಳಲ್ಲೂ ಮುಖಗಳಿದ್ದವು. ಮಂಡ್ಯದಾಕೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತಿದ್ದರು. ಟ್ಯಾಂಕಿನ ಮೇಲಿಂದ ಕನ್ನಡ ಬೀಳುತ್ತಿದೆ ಎಂಬುದೇ ನಮಗೆ ಸಾಕಾಗಿತ್ತು. ನನಗಂತೂ ಅಷ್ಟು ಹೆಮ್ಮೆ ಅದಕ್ಕೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಗುರಿಕಾರರು ಕ್ಲಬ್ಬಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು ಕೇಳಿದ್ದರು. ಮುಗಿದ ಮೇಲೆ ನನ್ನನ್ನು ಕರೆದರು.

'ಪರವಾಗಿಲ್ಲಮ್ಮಾ. ಆದ್ರೆ ಹೆಂಗಸ್ರು ಬರೆದ್ರೆ ವಾರ್ತೆಗೂ ಅಡಿಗೆ ವಾಸ್ನೆ ಬರ್ತದೆ. ಕೊಂಚ ಗತ್ತು ಬೇಕು. ಆಮೇಲೆ ನಮ್ಮ ಪಟ್ಟ ಎಲ್ಲೂ ಬರ್ಲಿಲ್ಲ. ಮೊದಲಲ್ಲೊಂದು ಸಲ, ನಡುವಲ್ಲೊಂದು ಸಲ, ಕಡೇಲೊಂದು ಸಲ ಬರಲಿ.'

ಅಡಿಗೆ ವಾಸನೆ ಎಂದದ್ದು ನನ್ನ ನೆತ್ತಿಗೇರಿತು. ತಾರಸಿಯಲ್ಲಿ ಗೊರಗೊರದ ನಡುವೆ ಒಂದೊಂದೇ ಮಾತು ಹೆಕ್ಕಿ ತಂದದ್ದು ನಾನು, ಈ ಮಹಾನುಭಾವರು ಕುರ್ಚಿಯಲ್ಲಿ ಕೂತು ವಾಸನೆ ಹಿಡಿಯುತ್ತಿದ್ದಾರೆ. ಬಾಯಲ್ಲಿ ಮಾತ್ರ 'ಆಗ್ಲಿ' ಎಂದೆ.

ಶನಿವಾರ ಅಭ್ಯಾಸಕ್ಕೆ ಕೂತೆವು. ತಮಿಳು ಅಕ್ಷರದಲ್ಲಿ 'ಗುರಿಕಾರರು' ಎಂದು ಮೂರು ಕಡೆ ಬರೆದುಕೊಟ್ಟಿದ್ದೆ. ಮಗಳು ತಮಿಳಿನ ಕ್ರಮದಂತೆ ಮೊದಲನೆಯದನ್ನು ಕ ಎಂದಳು, ನಡುವಿನದನ್ನು ಗ ಎಂದಳು. ಗುರಿಕಾರರು ಕುರಿಗಾರರಾದರು.

ಕುರಿ ಕಾಯುವವರು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನಾನು ಸೆರಗು ಬಾಯಿಗಿಟ್ಟುಕೊಂಡು ಅಡಿಗೆಮನೆಗೆ ಓಡಿದೆ. ನಗು ಮುಗಿದ ಮೇಲೆ ಬಂದು ತಿದ್ದಬೇಕಿತ್ತು. ತಿದ್ದಲಿಲ್ಲ. 'ಸರಿಯಾ ಅಮ್ಮಾ?' ಎಂದು ಮಗಳು ಕೇಳಿದಾಗ, 'ಭೇಷಾಗಿದೆ, ಇನ್ನೂ ಸ್ವಲ್ಪ ಗಟ್ಟಿಯಾಗಿ ಓದು' ಎಂದೆ. ಗತ್ತು ಬೇಕೆಂದು ಹೇಳಿದ್ದರಲ್ಲ.

ಭಾನುವಾರ ಸಂಜೆ ಮೀನಿನವರೂ ಸೇರಿ ಎಲ್ಲರೂ ಇದ್ದರು. 'ಕನ್ನಡ ಬಳಗದ ಕುರಿಗಾರರ ಆಶ್ರಯದಲ್ಲಿ ಈ ವಾರದ ವಾರ್ತೆಗಳು' ಎಂದಿತು ಸ್ಪೀಕರು. ಮಂಡ್ಯದವರ ಮನೆಯಿಂದ ಒಂದು ಕಿರುಚು ನಗು ಕೇಳಿಸಿತು. ನಡುವೆ ಮತ್ತೆ ಕುರಿಗಾರರು ಬಂದರು. 'ಕುರಿಗಾರರು ಎಲ್ಲರಿಗೂ ಶುಭ ಕೋರುತ್ತಾರೆ' ಎಂದು ಮುಗಿಯುವಷ್ಟರಲ್ಲಿ ಮೈಸೂರಿನವರ ಮನೆಯಲ್ಲಿ ಒಗ್ಗರಣೆ ಸೀದಿತ್ತು. ಕಾರ್ಯದರ್ಶಿಗಳು ಏನು, ಏನು ಎಂದು ಪಕ್ಕದವರನ್ನು ವಿಚಾರಿಸಿದರು. ಯಾರೋ ತಮಿಳಿನಲ್ಲಿ 'ಆಡು ಮೇಯ್ಕಿರವರ್' ಎಂದು ಬಿಡಿಸಿ ಹೇಳಿದರು. ಅವರು ಇಸ್ತ್ರಿಯ ಅಂಗಿಯ ಜೇಬಿನಿಂದ ಕರ್ಚೀಫು ತೆಗೆದು ಬಾಯಿಗೆ ಹಿಡಿದುಕೊಂಡರು.

ಗುರಿಕಾರರು ಕುರ್ಚಿಯಿಂದ ಎದ್ದು ನೇರ ನನ್ನ ಕಡೆಗೆ ಬಂದರು. 'ಏನಮ್ಮಾ ಇದು? ಯಾರು ಬರೆದದ್ದು?'

'ನಾನು ಗುರಿಕಾರ ಅಂತ್ಲೇ ಬರ್ದಿದೀನಿ. ಬೇಕಾದ್ರೆ ನೋಡಿ' ಎಂದು ಹಾಳೆ ಕೊಟ್ಟೆ.

ಅವರು ಹಾಳೆಯ ಮೇಲೆ ಸರಸರ ಕಣ್ಣು ಓಡಿಸಿದರು. ಮೂರು ಕಡೆಯೂ ಬೆರಳಿಟ್ಟು ನೋಡಿದರು. ತಪ್ಪು ಸಿಗಲಿಲ್ಲ, ಹಾಳೆ ವಾಪಸು ಕೊಟ್ಟರು. ಆಗ ನನಗೊಂದು ವಿಷಯ ಹೊಳೆಯಿತು. ಅವರ ಮುಖದ ಮೇಲೆ ಕನ್ನಡಕವಿರಲಿಲ್ಲ. ಕನ್ನಡದ ಕರೆಯೋಲೆಗೆ ಬೇಕಾದ ಕನ್ನಡಕ ತಮಿಳು ಹಾಳೆಗೆ ಬೇಕಾಗಲಿಲ್ಲ.

'ಮುಂದಿನ ವಾರ ನಾನೇ ಓದ್ತೀನಿ' ಎಂದು ಅವರು ಕಾರ್ಯದರ್ಶಿಗಳಿಗೆ ಕೇಳುವಂತೆ ಹೇಳಿದರು. 'ಆಗಲ್ಲ ಅಂದ್ರೆ ನನ್ನ ಮೈಕು ನನ್ನ ಮನೆಗೆ.'

ಕಾರ್ಯದರ್ಶಿಗಳು ಗಾಬರಿಯಾದರು. ಆಗಲಿ, ಯಾರು ಓದಿದರೂ ಸರಿ, ಆದರೆ ಅದು ಮೂರನೆಯ, ಕಡೆಯ ವಾರ, ಇನ್ನೊಮ್ಮೆ ಹೀಗಾದರೆ ಕನ್ನಡ ನಿಲ್ಲಿಸುತ್ತೇನೆ ಎಂದು ನನಗೇ ಬೆರಳು ತೋರಿಸಿ ಹೋದರು.

ಬುದ್ಧಿಯಿದ್ದವಳಾಗಿದ್ದರೆ ಆ ಗಳಿಗೆಯಲ್ಲಿ ಹೆದರಬೇಕಿತ್ತು. ತಿಂಗಳುಗಟ್ಟಲೆ ಅಲೆದು ಪಡೆದ ಐದು ನಿಮಿಷ ಕೈಬಿಡುವುದರಲ್ಲಿತ್ತು. ಆದರೆ ನನ್ನ ತಲೆಯಲ್ಲಿ ಅಡಿಗೆ ವಾಸನೆ ಇನ್ನೂ ಆಡುತ್ತಿತ್ತು. ಆ ವಾರದ ವಾರ್ತೆಯನ್ನು ನಾನು ದುಂಡು ದುಂಡಾದ ಕನ್ನಡ ಅಕ್ಷರದಲ್ಲಿ ಬರೆದೆ. ಒಂದೂ ತಮಿಳಕ್ಷರವಿಲ್ಲ. ಬರೆದದ್ದನ್ನು ಸರಿಯಾಗಿದೆಯೇ ಎಂದು ಗಟ್ಟಿಯಾಗಿ ಓದಿಕೊಂಡೆ. ಪಕ್ಕದಲ್ಲಿ ಚಾಪೆಯ ಮೇಲೆ ಮಗಳು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದಳು. ಹೋಂವರ್ಕ್ ಇರಬೇಕೆಂದುಕೊಂಡೆ. ಅವಳು ನಡುನಡುವೆ 'ಮೆದುವಾ ಪಡಿಮ್ಮಾ', ನಿಧಾನ ಓದಮ್ಮಾ ಎಂದಾಗಲೂ ನನಗೆ ಅನುಮಾನ ಬರಲಿಲ್ಲ.

ಭಾನುವಾರ ಗುರಿಕಾರರು ಜರಿಯಂಚಿನ ಪಂಚೆಯುಟ್ಟು ಬಂದರು. ಹಿಂದಿನ ವಾರದ ಸುದ್ದಿ ಹರಡಿದ್ದರಿಂದ ಕ್ಲಬ್ಬಿನ ಮುಂದೆ ಜನವೋ ಜನ. ಹಾಳೆಯನ್ನು ಅವರ ಕೈಗೆ ಕೊಡುತ್ತ, 'ಕನ್ನಡಕ ತಂದಿದೀರಿ ತಾನೇ?' ಎಂದು ಕೇಳಿದೆ.

ತಂದಿದ್ದರು. ಮರೆಯಬಾರದೆಂದು ಅವರ ಮಗಳು ದಾರ ಪೋಣಿಸಿ ಕುತ್ತಿಗೆಗೆ ನೇತುಹಾಕಿ ಕಳಿಸಿದ್ದಳು. ಪಾಪ, ಆ ಮಗಳಿಗೂ ಗೊತ್ತಿರಲಿಲ್ಲ.

ತಮಿಳು ವಾರ್ತೆ ಮುಗಿಯಿತು. ಗುರಿಕಾರರು ಮೈಕಿನ ಮುಂದೆ ನಿಂತು ಕನ್ನಡಕ ಏರಿಸಿದರು. ಹಾಳೆ ಬಿಡಿಸಿದರು. ಬಿಡಿಸಿದ ಸದ್ದು ಟ್ಯಾಂಕಿನ ಮೇಲಿಂದ ಕೇಳಿಸಿತು. ಆಮೇಲೆ ಏನೂ ಇಲ್ಲ. ಅವರ ಉಸಿರಾಟ ಮಾತ್ರ ಸ್ಪೀಕರಿನಲ್ಲಿ ಬರುತ್ತಿತ್ತು. ಒಮ್ಮೆ ಗಂಟಲು ಸರಿಮಾಡಿಕೊಂಡರು. ಮತ್ತೆ ಉಸಿರು. ಹಡಗಿಗೆ ಕೇಳುವ ಗಂಟಲಿನ ಮನುಷ್ಯ ಕೈಯಲ್ಲಿ ಹಾಳೆ ಹಿಡಿದು ಸುಮ್ಮನೆ ನಿಂತಿದ್ದರು.

ನಾನು ಕಾದಿದ್ದು ಇದಕ್ಕೇ. ಆದರೆ ಬಂದಾಗ ನನಗೆ ಸಂತೋಷವಾಗಲಿಲ್ಲ. ನಾಚಿಕೆಯಾಯಿತು, ಅಳು ಬಂತು. ಯಾರ ತಂಟೆಗೂ ಹೋಗದೆ ಕನ್ನಡಕ ಕನ್ನಡಕ ಎಂದು ಹೇಳಿಕೊಂಡು ಒಂದು ಗುಟ್ಟನ್ನು ಕಾಪಾಡಿಕೊಂಡಿದ್ದವರನ್ನು ಎಣ್ಣೂರಿನ ನಡುಬೀದಿಗೆ ತಂದು ನಿಲ್ಲಿಸಿದ್ದೆ, ಅದೂ ಎರಡು ಮಾತಿನ ಸಿಟ್ಟಿಗೆ. ಇವರು ಹೀಗೇ ಕೆಳಗಿಳಿದರೆ ಐದು ನಿಮಿಷವೂ ಹೋಗುತ್ತದೆ, ಇವರೂ ಹೋಗುತ್ತಾರೆ. ಕಾರ್ಯದರ್ಶಿಗಳು ಆಗಲೇ ಸ್ವಿಚ್ಚಿನ ಕಡೆ ನೋಡುತ್ತಿದ್ದರು. ನಾನೇ ಹೋಗಿ ಓದಿಬಿಡಲೇ ಎಂದು ಹೆಜ್ಜೆ ಎತ್ತಿದೆ, ಹೋದರೆ ಗುಟ್ಟು ಇನ್ನೂ ಬಯಲಾಗುತ್ತದೆ ಎಂದು ನಿಂತೆ.

ಅಷ್ಟರಲ್ಲಿ ನನ್ನ ಮಗಳು ಜನರ ಕಾಲಸಂದಿಯಲ್ಲಿ ನುಗ್ಗಿ ಮೈಕಿನ ಬಳಿ ಹೋದಳು. 'ತಾತಾ, ಎರಡನೇ ಹಾಳೆ ಮರೆತುಬಿಟ್ರಿ' ಎಂದಳು. ಕನ್ನಡದಲ್ಲಿ ಹೇಳಿದಳು. ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯನ್ನು ಅವರ ಕೈಯಲ್ಲಿದ್ದ ಹಾಳೆಯ ಮೇಲಿಟ್ಟು, ಬಂದ ಹಾಗೇ ವಾಪಸು ಓಡಿಬಂದಳು.

ಗುರಿಕಾರರು ಅದನ್ನು ನೋಡಿದರು. ನನ್ನ ಮಗಳನ್ನು ನೋಡಿದರು. ಆಮೇಲೆ ಓದಿದರು.

ಅಯ್ಯೋ, ಎಂಥ ಓದು ಅದು. ಗೊರಗೊರವಿಲ್ಲದ ಬೆಂಗಳೂರು ರೇಡಿಯೋ. ಮಗಳು ಬರೆದುಕೊಟ್ಟದ್ದು ತಮಿಳಕ್ಷರವಾದರೇನು, ಅವರ ನಾಲಗೆಗೆ ಕನ್ನಡ ಗೊತ್ತಿತ್ತು. ಬಾಗಿಲು ಬಾಗಿಲೇ ಆಯಿತು, ದೊಡ್ಡದು ದೊಡ್ಡದೇ ಆಯಿತು. ಹೇಮಾವತಿ ತುಂಬಿದ್ದನ್ನು ಅವರು ಹೇಳಿದಾಗ ನನಗೆ ಗೊರೂರಿನ ಸೇತುವೆಯ ಮೇಲೆ ನಿಂತ ಹಾಗಾಯಿತು. ತುಮಕೂರಿನವರ ಮಗುವಿನ ನಾಮಕರಣ, ಮಂಡ್ಯದವರ ಕಳೆದುಹೋದ ಕೊಡೆ, ಎಲ್ಲವೂ ದೇಶದ ಸುದ್ದಿಯಷ್ಟೇ ಗತ್ತಿನಲ್ಲಿ ಬಂದವು. ಅಡಿಗೆ ವಾಸನೆ ಎಲ್ಲೂ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ.

'ಇಲ್ಲಿಗೆ ವಾರ್ತೆಗಳು ಮುಗಿದವು' ಎಂದರು. 'ಓದಿದವರು, ಎಣ್ಣೂರು ಕನ್ನಡ ಬಳಗದ...' ಎಂದು ತಡೆದರು. ಕನ್ನಡಕದ ಮೇಲಿನಿಂದ ನನ್ನನ್ನೇ ಹುಡುಕಿ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿದೆ ಎಂದು ನನಗೂ ಅರ್ಥವಾಯಿತು. 'ಬಳಗದ ಕುರಿಗಾರರು. ಆರು ಮನೆಯ ಕುರಿಗಳೂ ಕ್ಷೇಮ. ಒಂದು ಕುರಿ ಸ್ವಲ್ಪ ಹಾಯ್ತದೆ, ಹತ್ರ ಹೋಗುವವರು ಜೋಪಾನ.'

ಆರು ಮನೆಯವರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು, ಅತ್ತದ್ದು ಆ ಹಾಯುವ ಕುರಿಯೇ. ಅರ್ಥವಾಗದಿದ್ದರೂ ಕಾರ್ಯದರ್ಶಿಗಳು ನಕ್ಕು, 'ಅಂಜು ನಿಮಿಷಂ ದಾನ್' ಎಂದು ಮತ್ತೆ ಹೇಳಿದರು. ಆ ಐದು ನಿಮಿಷ, ನಾವು ಕ್ವಾರ್ಟರ್ಸು ಬಿಡುವವರೆಗೆ ನಡೆಯಿತು.

ಮನೆಗೆ ಬಂದು ಮಗಳನ್ನು ಕೇಳಿದೆ, ನಿನಗೆ ಹೇಗೆ ತಿಳಿಯಿತು ಎಂದು. ಮೊದಲ ಎರಡು ಭಾನುವಾರವೂ ಬೇಗ ಬಂದು ತಾತ ಅವಳ ತಮಿಳಕ್ಷರದ ಹಾಳೆಯನ್ನು ಇಸಿದುಕೊಂಡು ಓದಿದ್ದರಂತೆ. ಒಂದು ಸಲ ಅವಳು ಕನ್ನಡದ ಕರೆಯೋಲೆ ತೋರಿಸಿ ಇದರಲ್ಲೇನಿದೆ ಎಂದು ಕೇಳಿದ್ದಕ್ಕೆ ಕನ್ನಡಕ ಮರೆತೆ ಎಂದರಂತೆ. 'ತಾತಾವುಕ್ಕು ಕನ್ನಡ ಪಡಿಕ್ಕ ತೆರಿಯಾದುಮ್ಮಾ' ಎಂದಳು. ತಾತನಿಗೆ ಕನ್ನಡ ಓದಲು ಬರುವುದಿಲ್ಲ. ಆಮೇಲೆ ಸ್ವಲ್ಪ ಯೋಚಿಸಿ, 'ಎನ್ನ ಮಾದಿರಿ' ಎಂದಳು. ನನ್ನ ಹಾಗೇ.

ಮುಂದಿನ ಶನಿವಾರ ಗುರಿಕಾರರು ನಮ್ಮ ಮನೆಯ ಬಾಗಿಲಲ್ಲಿದ್ದರು, ಬಗಲಲ್ಲಿ ಒಂದು ಹೊಸ ಸ್ಲೇಟು. ನಾನು ಬಾಗಿಲಲ್ಲೇ, 'ತಪ್ಪಾಯ್ತು, ಎರಡು ಸಲ ತಪ್ಪಾಯ್ತು' ಎಂದೆ.

'ಬಿಡಮ್ಮಾ' ಎಂದು ಒಳಗೆ ಬಂದು ಕೂತರು. 'ಅಪ್ಪ ಎಂಟನೇ ವಯಸ್ಸಿಗೆ ಅಂಗಡೀಲಿ ಕೂರಿಸಿದ್ರು. ಸ್ಕೂಲು ಅದುವರೆಗೂ ತಮಿಳೇ. ಮನೇಲಿ ಮಾತಾಡಿದ್ದಷ್ಟೇ ನನ್ನ ಕನ್ನಡ. ನಲವತ್ತು ವರ್ಷ ಕನ್ನಡಕ ಮರೆತೆ, ಕನ್ನಡಕ ಮರೆತೆ ಅಂತ ಹೇಳಿ ಹೇಳಿ ಬಾಯಿ ನೋಯ್ತದೆ. ಮರೆತದ್ದು ಏನು ಅಂತ ಒಬ್ರೂ ಕೇಳ್ಲಿಲ್ಲ. ನೀವು ಬಂದು ಹಾದ್ರಿ.'

ಮಗಳು ಚಾಪೆಯ ಮೇಲೆ ಸರಿದು ಜಾಗ ಬಿಟ್ಟಳು. ಅವರು ಅವಳ ಪಕ್ಕ ಚಕ್ಕಳಮಕ್ಕಳ ಹಾಕಿಕೊಂಡು ಕೂತು, ಕನ್ನಡಕ ಏರಿಸಿ, ಬಳಪ ಕೈಗೆ ತೆಗೆದುಕೊಂಡರು. ನಾನು ಸ್ಲೇಟಿನ ಮೂಲೆಯಲ್ಲಿ ಅ ಬರೆಯಲು ಹೋದೆ. ಅವರು ನನ್ನ ಕೈ ತಡೆದರು.

'ಅ, ಆ ಎಲ್ಲ ಅಪ್ಪುರಂ ನೋಡೋಣ' ಎಂದರು. 'ಮೊದಲು ಆ ಗ ತೋರಿಸಮ್ಮಾ.'